ಬಾರ್ಬಡೋಸ್‌ಗೆ ವೀಸಾ ಬೇಡ, ದಾರಿಗೆ ಬೇಕು: ಹೊರಡುವವರಿಗೊಂದು ಕೈಪಿಡಿ

2024ರ ಜೂನ್ 29ರ ರಾತ್ರಿ ನಿದ್ದೆಗೆಟ್ಟು ಟಿ.ವಿ. ಮುಂದೆ ಕೂತಿದ್ದವರಿಗೆ ಬಾರ್ಬಡೋಸ್ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ಭಾರತ 7 ರನ್‌ಗಳಿಂದ ಗೆದ್ದು ಟಿ20 ವಿಶ್ವಕಪ್ ಎತ್ತಿಹಿಡಿಯಿತು. ಆಗ ತಂಡದ ಕೋಚ್ ಆಗಿದ್ದ, ಮಾತನ್ನು ಅಳೆದು ಆಡುವ ನಮ್ಮ ರಾಹುಲ್ ದ್ರಾವಿಡ್ ಕಪ್ ಕೈಗೆ ಬಂದೊಡನೆ ಕಾಲೇಜು ಹುಡುಗನ ಹಾಗೆ ಕೂಗಿದರು. ಅದಾದ ಎರಡೇ ದಿನಕ್ಕೆ ಬೆರಿಲ್ ಚಂಡಮಾರುತ ಬಂತು, ವಿಮಾನ ನಿಲ್ದಾಣ ಮುಚ್ಚಿತು. ವಿಶ್ವಕಪ್ ಗೆದ್ದ ತಂಡವೇ ಹೋಟೆಲಿನಲ್ಲಿ ಕಿಟಕಿ ನೋಡುತ್ತ ಕೂತು, ಕೊನೆಗೆ ವಿಶೇಷ ವಿಮಾನ ಹತ್ತಿ ಜುಲೈ 4ಕ್ಕೆ ದೆಹಲಿ ಸೇರಿತು.

ಈ ದ್ವೀಪದ ಸ್ವಭಾವವೇ ಹಾಗೆ. ಅಲ್ಲಿ ಇರುವುದು ಸುಲಭ. ಹೋಗುವುದು, ಬರುವುದು ಕಷ್ಟ. ನಾವು ನಾಲ್ವರು ಬೆಂಗಳೂರಿನಿಂದ ಹೋಗಿಬಂದ ಮೇಲೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳತೊಡಗಿದರು. ಅದಕ್ಕೆ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ, ಹೊರಡುವ ತಯಾರಿಯ ಅನುಕ್ರಮದಲ್ಲೇ.

ಮೊದಲು ನಕ್ಷೆ. ಕೆರಿಬಿಯನ್ ದ್ವೀಪಗಳ ಪೈಕಿ ತೀರಾ ಪೂರ್ವಕ್ಕೆ, ಸಾಲಿನಿಂದ ಹೊರಗೆ ನಿಂತಂತೆ ಇರುವುದು ಬಾರ್ಬಡೋಸ್. ಉದ್ದ 34 ಕಿಲೋಮೀಟರ್, ಅಗಲ ಹೆಚ್ಚೆಂದರೆ 23. ಒಟ್ಟು ವಿಸ್ತೀರ್ಣ ನಮ್ಮ ಬೆಂಗಳೂರು ನಗರಕ್ಕಿಂತ ಕಡಿಮೆ. ಜನಸಂಖ್ಯೆ 3 ಲಕ್ಷವೂ ಇಲ್ಲ. 1966ರ ನವೆಂಬರ್ 30ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದು, 2021ರ ಅದೇ ದಿನ ರಾಣಿಯನ್ನೂ ಬಿಟ್ಟು ಗಣರಾಜ್ಯವಾಯಿತು. ಇನ್ನೊಂದು ಸಂಗತಿ ನನಗೆ ಅಲ್ಲಿಗೆ ಹೋಗುವವರೆಗೆ ಹೊಳೆದಿರಲಿಲ್ಲ: ಬ್ರಿಜ್‌ಟೌನ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು, ಮಂಗಳೂರುಗಳೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿವೆ. ಗೋಳವನ್ನು ಅರ್ಧಕ್ಕಿಂತ ತುಸು ಕಡಿಮೆ ತಿರುಗಿಸಿದರೆ ಆಯಿತು, ಮತ್ತೆ ಅದೇ ತೆಂಗು, ಅದೇ ಮಾವು, ಅದೇ ಹುಣಸೆಮರ.

ಹೆಜ್ಜೆ 1: ಟಿಕೆಟ್‌ಗೆ ಮುಂಚೆ ದಾರಿ ಗಟ್ಟಿ ಮಾಡಿಕೊಳ್ಳಿ

ಭಾರತದ ಪಾಸ್‌ಪೋರ್ಟ್ ಇದ್ದವರು ಪ್ರವಾಸಕ್ಕೆ ಬಾರ್ಬಡೋಸ್‌ಗೆ ಹೋದರೆ 90 ದಿನದವರೆಗೆ ವೀಸಾ ಬೇಡ. ಇದನ್ನು ಎಲ್ಲೋ ಓದಿ ಖುಷಿಯಲ್ಲಿ ಟಿಕೆಟ್ ಕೊಂಡವರು ಹಲವರು. ತೊಂದರೆ ಇರುವುದು ನಡುದಾರಿಯಲ್ಲಿ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಲಂಡನ್, ಅಮೆರಿಕ ಅಥವಾ ಕೆನಡಾ, ಈ ಮೂರರಲ್ಲಿ ಒಂದನ್ನು ಹಾದುಹೋಗುವುದೇ ರೂಢಿ, ಮತ್ತು ಈ ಮೂರೂ ದೇಶಗಳು ಕೇವಲ ಹಾದುಹೋಗುವ ಭಾರತೀಯನ ಹತ್ತಿರವೂ ಕಾಗದ ಕೇಳುತ್ತವೆ.

ಅಮೆರಿಕದಲ್ಲಿ ವಿಮಾನ ನಿಲ್ದಾಣದೊಳಗೇ ಕೂತು ಮುಂದಿನ ವಿಮಾನ ಹತ್ತುವ ಏರ್ಪಾಡೇ ಇಲ್ಲ. ಎರಡು ಗಂಟೆಯ ಮಟ್ಟಿಗೆ ಇಳಿದರೂ ಇಮಿಗ್ರೇಶನ್ ದಾಟಬೇಕು, ಅದಕ್ಕೆ ವೀಸಾ ಬೇಕು, ಪೆಟ್ಟಿಗೆಯನ್ನೂ ಇಳಿಸಿಕೊಂಡು ಮತ್ತೆ ಕೊಡಬೇಕು. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಅಮೆರಿಕ ವೀಸಾ ಈಗಾಗಲೇ ಇದ್ದವರಿಗೆ ಮಾತ್ರ ಇದು ಒಳ್ಳೆಯ ದಾರಿ. ಮಯಾಮಿಯಿಂದ ಬ್ರಿಜ್‌ಟೌನ್‌ಗೆ ಮೂರೂವರೆ ಗಂಟೆ. ಮಗನನ್ನೋ ಮಗಳನ್ನೋ ನೋಡಲು ನ್ಯೂಜೆರ್ಸಿಗೆ ಹೋಗುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇದನ್ನೇ: ಆ ಪ್ರವಾಸದ ನಡುವೆ ಒಂದು ವಾರ ಇದಕ್ಕೆ ತೆಗೆದಿಡಿ. ಬೆಂಗಳೂರಿನಿಂದ ಇದಕ್ಕೆಂದೇ ಹೊರಡುವುದಕ್ಕಿಂತ ದುಡ್ಡೂ ಉಳಿಯುತ್ತದೆ, ಮೈಕೈ ನೋವೂ ತಪ್ಪುತ್ತದೆ. ಆದರೆ ವಾಪಸು ಅಮೆರಿಕದೊಳಕ್ಕೆ ಬರಲು ವೀಸಾ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಉಳಿದವರಿಗೆ ಲಂಡನ್ ವಾಸಿ. ಬೆಂಗಳೂರಿನಿಂದ ಅಲ್ಲಿಯ ಹೀಥ್ರೋ ನಿಲ್ದಾಣಕ್ಕೆ ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಎರಡೂ ಹಾರುತ್ತವೆ, ಎರಡೂ ಲಂಡನ್ನಿನಿಂದ ಬಾರ್ಬಡೋಸ್‌ಗೂ ಹೋಗುತ್ತವೆ. ಲಂಡನ್ನಿನಿಂದ ಮುಂದೆ ಸುಮಾರು ಎಂಟೂವರೆ, ಒಂಬತ್ತು ಗಂಟೆ. ನಿಲ್ದಾಣದಿಂದ ಹೊರಬರದೆ ವಿಮಾನ ಬದಲಿಸುವುದಾದರೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ಷರತ್ತಿನ ವಿನಾಯಿತಿ ಇದೆ. ಟ್ರಾವೆಲ್ ಏಜೆಂಟ್ ಏನೇ ಹೇಳಲಿ, ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ನಿಮ್ಮ ವಿವರ ತುಂಬಿ ನೀವೇ ಪರೀಕ್ಷಿಸಿ. ಈ ನಿಯಮಗಳು ಆಗಾಗ ಬದಲಾಗುತ್ತವೆ.

ಇಲ್ಲೇ ಒಂದು ಗುಂಡಿಯಿದೆ, ನಾವು ಅದರ ಅಂಚಿನವರೆಗೆ ಹೋಗಿ ಬಂದವರು. ಅಗ್ಗವಾಗಿ ಕಂಡ ಟಿಕೆಟ್ಟೊಂದರಲ್ಲಿ ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹೊರಡಬೇಕಿತ್ತು. ಎರಡೂ ಲಂಡನ್ನೇ, ನಿಜ. ನಡುವೆ ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚು ದಾರಿ. ಅಂದರೆ ಬ್ರಿಟನ್ನಿನ ನೆಲಕ್ಕೆ ಕಾಲಿಟ್ಟ ಲೆಕ್ಕ. ಒಳಗೇ ಇರುವವರಿಗೆ ಕೊಡುವ ಟ್ರಾನ್ಸಿಟ್ ವೀಸಾ ಆಗ ಸಾಲದು, ಬೇರೆಯದೇ ಬೇಕು. ಆದ್ದರಿಂದ ಒಂದೇ ಟಿಕೆಟ್, ಒಂದೇ ನಿಲ್ದಾಣ, ಪೆಟ್ಟಿಗೆ ಬ್ರಿಜ್‌ಟೌನ್‌ವರೆಗೆ ನೇರ. ಈ ಮೂರೂ ಕೂಡಿಬಂದರೆ ಮಾತ್ರ ಹಣ ಕಟ್ಟಿ.

ಬಾರ್ಬಡೋಸ್ ಇಮಿಗ್ರೇಶನ್‌ನವರು ಕೇಳುವುದು ಸರಳ: ವಾಪಸು ಟಿಕೆಟ್, ಉಳಿಯುವ ವಿಳಾಸ, ಖರ್ಚಿಗೆ ಹಣವಿದೆ ಎಂಬುದಕ್ಕೆ ಏನಾದರೊಂದು. ಹೊರಡುವ ಮೂರು ದಿನದೊಳಗೆ ಅವರ ಸರ್ಕಾರದ ಆನ್‌ಲೈನ್ ಪ್ರವೇಶ ನಮೂನೆ ತುಂಬಿ, ಬಂದ ಸಂಕೇತವನ್ನು ಫೋನಿನಲ್ಲಿಟ್ಟುಕೊಳ್ಳಿ. ನಮೂನೆ ಉಚಿತ. ಹಣ ಕೇಳುವ ಪುಟ ತೆರೆದುಕೊಂಡರೆ ನೀವು ಬೇರೆ ಯಾರದೋ ಅಂಗಡಿಯಲ್ಲಿದ್ದೀರಿ ಎಂದು ತಿಳಿಯಿರಿ.

ಕ್ರಿಕೆಟ್ ಹುಚ್ಚಿನವರು ಪಕ್ಕದ ಟ್ರಿನಿಡಾಡ್‌ಗೂ ಹೋಗಿಬರಬೇಕು ಅನ್ನುತ್ತಾರೆ. ಹೋಗಿ, ಬ್ರಿಜ್‌ಟೌನ್‌ನಿಂದ ಸುಮಾರು ಒಂದು ಗಂಟೆಯ ಹಾರಾಟ, ಅಲ್ಲಿಗೂ ವೀಸಾ ಬೇಡ. ಆದರೆ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಬಾರ್ಬಡೋಸ್ ಇಲ್ಲ. ಟ್ರಿನಿಡಾಡ್ ಬಿಟ್ಟ ಆರು ದಿನದೊಳಗೆ ಲಸಿಕೆಯ ಹಳದಿ ಪುಸ್ತಿಕೆಯಿಲ್ಲದೆ ಇಲ್ಲಿ ಇಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಹಿಡಿದು ಪ್ರತ್ಯೇಕ ಇರಿಸುತ್ತಾರೆ. ಲಸಿಕೆ ಲೆಕ್ಕಕ್ಕೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಷ್ಟೇ ಸಿಗುತ್ತದೆ, ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳಬೇಕು. ಬಾರ್ಬಡೋಸ್ ಒಂದಕ್ಕೇ ಹೋಗುವವರಿಗೆ ಈ ರಗಳೆ ಇಲ್ಲ.

ಹೆಜ್ಜೆ 2: ತಿಂಗಳು

ಡಿಸೆಂಬರ್‌ನಿಂದ ಮೇವರೆಗೆ ಒಣಗಾಲ. ಬಿಸಿಲು, ತಂಗಾಳಿ, ಹೊರಗೆ 30 ಡಿಗ್ರಿಯ ಆಸುಪಾಸು. ಹಿಮ ತಪ್ಪಿಸಿಕೊಂಡು ಬರುವ ಇಂಗ್ಲೆಂಡಿನವರು, ಕೆನಡಾದವರು ತುಂಬಿರುವ ಕಾಲವೂ ಇದೇ, ಹಾಗಾಗಿ ಏಪ್ರಿಲ್ ಮಧ್ಯದವರೆಗೆ ಕೋಣೆ ಬಾಡಿಗೆ ನೆತ್ತಿಗೇರಿರುತ್ತದೆ. ಏಪ್ರಿಲ್ ಕೊನೆ ಮತ್ತು ಮೇ ನನ್ನ ಆಯ್ಕೆ. ನಮ್ಮ ಮಕ್ಕಳ ಬೇಸಿಗೆ ರಜೆಗೂ ಹೊಂದುತ್ತದೆ.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಪೂರ್ವಕ್ಕೆ ಸರಿದು ನಿಂತಿರುವುದರಿಂದ ಬಾರ್ಬಡೋಸ್‌ಗೆ ನೇರ ಏಟು ಬೀಳುವುದು ಅಪರೂಪ: 1955ರ ಜಾನೆಟ್ ಆದಮೇಲೆ 2021ರ ಎಲ್ಸಾವರೆಗೆ ಅಂಥದ್ದು ಬಂದಿರಲಿಲ್ಲ. ಬೆರಿಲ್ ಕೂಡ ದಕ್ಷಿಣಕ್ಕೆ ಹಾದುಹೋಯಿತು, ಆದರೂ ಮೀನುಗಾರರ ದೋಣಿಗಳನ್ನು ಪುಡಿಮಾಡಿತು. ಜುಲೈ, ಆಗಸ್ಟ್‌ನಲ್ಲಿ ಹೋಗಲು ಒಂದು ಒಳ್ಳೆಯ ಕಾರಣವಿದೆ, ಅದು ಕ್ರಾಪ್ ಓವರ್. ಕಬ್ಬಿನ ಕಟಾವು ಮುಗಿದ ಸಂಭ್ರಮವಾಗಿ ಶುರುವಾದ ಹಬ್ಬ. ಆಗಸ್ಟ್ ಮೊದಲ ಸೋಮವಾರ ಕಡೂಮೆಂಟ್ ಮೆರವಣಿಗೆಯೊಂದಿಗೆ ಮುಗಿಯುತ್ತದೆ. ಅದಕ್ಕೆ ಹೋಗುವವರು ವಿಮಾನ ರದ್ದಾದರೆ ಹಣ ಕೊಡುವ ಪ್ರವಾಸ ವಿಮೆ ಮಾಡಿಸದೆ ಮನೆ ಬಿಡಬೇಡಿ. ವಾಪಸು ಬಂದ ಮರುದಿನವೇ ಆಫೀಸು ಎಂದು ಲೆಕ್ಕ ಹಾಕಿಕೊಳ್ಳಲೂಬೇಡಿ.

ಇನ್ನೊಂದು ಸಂಗತಿ ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದಿಲ್ಲ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿ ರಾಶಿಯಾಗಿ ಪೂರ್ವ ಮತ್ತು ದಕ್ಷಿಣ ದಡಗಳಿಗೆ ಬಂದು ಬೀಳುತ್ತಿದೆ. ಕೊಳೆತರೆ ಕೆಟ್ಟ ಮೊಟ್ಟೆಯ ನಾತ. ಮಾರ್ಚ್ ಕಳೆದ ಮೇಲೆ ಹೆಚ್ಚು. ಪಶ್ಚಿಮ ದಡಕ್ಕೆ ಇದರ ಕಾಟ ಕಡಿಮೆ.

ಹೆಜ್ಜೆ 3: ಉಳಿಯುವ ಜಾಗ

ಪಶ್ಚಿಮ ದಡ ಶ್ರೀಮಂತರದು. ಕನ್ನಡಿಯಂಥ ನೀರು, ಬೇಲಿ ಹಾಕಿದ ಬಂಗಲೆ, ಬೆವರಿಳಿಸುವ ಬಿಲ್ಲು. ನೀವು ದಕ್ಷಿಣ ದಡದಲ್ಲಿ ಉಳಿಯಿರಿ. ಹೇಸ್ಟಿಂಗ್ಸ್, ವರ್ದಿಂಗ್, ಡೋವರ್, ಆಯಿಸ್ಟಿನ್ಸ್ ಹೀಗೆ ಒಂದೇ ರಸ್ತೆಗೆ ಪೋಣಿಸಿದಂತಿರುವ ಊರುಗಳು. ಎಲ್ಲಿಂದಲೂ ಕಡಲು ಐದು ನಿಮಿಷ, ಬಸ್ಸು ಎರಡು ನಿಮಿಷ. ಅಡುಗೆಮನೆ ಇರುವ ಅಪಾರ್ಟ್‌ಮೆಂಟನ್ನೇ ಹುಡುಕಿ. ಸಸ್ಯಾಹಾರಿಗಳಿಗೆ ಇದು ಕಡ್ಡಾಯ ಎಂದೇ ಹೇಳುತ್ತೇನೆ, ಕಾರಣ ಮುಂದೆ ಬರುತ್ತದೆ.

ಹೆಜ್ಜೆ 4: ಡಾಲರು ಅಂದರೆ ಯಾವ ಡಾಲರು?

ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರು. 1975ರಿಂದ ಇದೇ ದರ, ಕದಲಿಲ್ಲ. ಅಮೆರಿಕನ್ ನೋಟು ಬಹುಪಾಲು ಎಲ್ಲೆಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಅಲ್ಲಿಯ ಹಣದಲ್ಲಿ ಬರುತ್ತದೆ. ರೂಪಾಯಿಯನ್ನು ಯಾರೂ ಮುಟ್ಟುವುದಿಲ್ಲ. ಊರಿನಿಂದಲೇ ಡಾಲರ್ ನೋಟು ಸ್ವಲ್ಪ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ತುಂಬಿಸಿಕೊಂಡ ಕಾರ್ಡು) ಒಯ್ಯಿರಿ.

ಎರಡೂ ಡಾಲರು ಎಂದೇ ಕರೆಸಿಕೊಳ್ಳುವುದರಲ್ಲಿದೆ ಮೋಸ, ಅಥವಾ ಮೋಸವಲ್ಲ, ಗೊಂದಲ. ಎರಡನೆಯ ದಿನ ಒಬ್ಬ ಟ್ಯಾಕ್ಸಿಯವನು ನಲವತ್ತು ಎಂದ. ನಾನು ಮನಸ್ಸಿನಲ್ಲೇ ಎರಡರಿಂದ ಭಾಗಿಸಿ, ಪರವಾಗಿಲ್ಲ ಎಂದು ಹತ್ತಿದೆ. ಇಳಿದಾಗ ಅವನು ಕೇಳಿದ್ದು ಅಮೆರಿಕದ ನಲವತ್ತು. ವಾದ ಮಾಡಲು ನನ್ನ ಬಳಿ ಏನೂ ಇರಲಿಲ್ಲ, ಅವನು ಹೇಳಿದ್ದೂ ನಲವತ್ತೇ ತಾನೆ. ಅಂದಿನಿಂದ ನನ್ನ ಹೆಂಡತಿ ಎಳನೀರಿಗೂ ಸಹ "ಬಾರ್ಬಡೋಸ್ ಡಾಲರಾ, ಯು.ಎಸ್. ಡಾಲರಾ?" ಎಂದು ಕೇಳದೆ ಕೈ ಚಾಚುತ್ತಿರಲಿಲ್ಲ. ನೀವೂ ಹಾಗೆಯೇ ಕೇಳಿ. ಟ್ಯಾಕ್ಸಿಗಳಿಗೆ ಮೀಟರ್ ಇರುವುದಿಲ್ಲ, ದೂರಕ್ಕೆ ಇಂತಿಷ್ಟು ಎಂದು ದರಪಟ್ಟಿ ಇದೆ. ಓಲಾ, ಊಬರ್ ಇಲ್ಲ.

ದುಬಾರಿ ದ್ವೀಪ ಎಂಬ ಮಾತು ಸುಳ್ಳಲ್ಲ. ತಿನ್ನುವ ಬಹುಪಾಲು ವಸ್ತು ಹಡಗಿನಲ್ಲಿ ಬರಬೇಕು. ಬೆಲೆಯ ಮೇಲೆ 17.5 ಶೇಕಡಾ ತೆರಿಗೆ, ಊಟದ ಹೋಟೆಲುಗಳಲ್ಲಿ ಅದರ ಜತೆ ಸಾಮಾನ್ಯವಾಗಿ 10 ಶೇಕಡಾ ಸೇವಾಶುಲ್ಕ. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿದ್ದರೆ ಮತ್ತೆ ಟಿಪ್ಸ್ ಕೊಡಬೇಕಾಗಿಲ್ಲ.

ಹೆಜ್ಜೆ 5: ಪೆಟ್ಟಿಗೆ

ಮಿಲಿಟರಿ ಹಸಿರು ಮಚ್ಚೆಯ ಬಟ್ಟೆ ತೆಗೆದಿಡಿ. ಬಾರ್ಬಡೋಸ್‌ನಲ್ಲಿ ಸೈನಿಕರಲ್ಲದವರು ಆ ವಿನ್ಯಾಸ ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳ ಚಡ್ಡಿ, ಟೋಪಿ, ಚೀಲವೂ ಸೇರಿ. ಹುಡುಗರ ಬಟ್ಟೆಯಲ್ಲಿ ಇದು ಎಷ್ಟು ಸಾಮಾನ್ಯ ಎಂಬುದು ಪೆಟ್ಟಿಗೆ ಕಟ್ಟುವಾಗಲೇ ಗೊತ್ತಾಗುವುದು.

ಅಲ್ಲಿಯ ಕರೆಂಟು 115 ವೋಲ್ಟ್, ಪ್ಲಗ್ಗು ಅಮೆರಿಕದ ಚಪ್ಪಟೆ ಕಡ್ಡಿಯದು. ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು. ಮನೆಯ ಪುಟ್ಟ ಎಲೆಕ್ಟ್ರಿಕ್ ಕುಕ್ಕರನ್ನು ಹೊತ್ತೊಯ್ದರೆ ಅನ್ನ ಬೇಯುವುದಿಲ್ಲ, ಒಯ್ದವರನ್ನು ಬಲ್ಲೆ. ಸೊಳ್ಳೆ ಮುಲಾಮು ಇರಲಿ, ಡೆಂಗಿ ಅಲ್ಲೂ ಇದೆ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು. ಹವಳದ ಸುಣ್ಣಕಲ್ಲಿನ ಪದರಗಳೊಳಗೆ ಸೋಸಿ ಬರುವ ನೀರು, ರುಚಿಯೂ ಇದೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ.

ಪೊಲೀಸ್ 211, ಅಗ್ನಿಶಾಮಕ 311, ಆಂಬುಲೆನ್ಸ್ 511. ಮೂರನ್ನೂ ಫೋನಿಗೆ ಹಾಕಿಕೊಳ್ಳಿ. ಪಾಸ್‌ಪೋರ್ಟ್ ಕಳೆದರೆ ನೋಡಿಕೊಳ್ಳುವುದು ಸುರಿನಾಮ್‌ನ ಪಾರಮಾರಿಬೋದಲ್ಲಿರುವ ನಮ್ಮ ರಾಯಭಾರ ಕಚೇರಿ, ಅಂದರೆ ಕಡಲಾಚೆ. ಕಳೆಯದಿರುವುದೇ ಒಳ್ಳೆಯದು.

ಹೆಜ್ಜೆ 6: ಓಡಾಟ

ವಿಮಾನ ನಿಲ್ದಾಣದಿಂದ ಮೊದಲ ದಿನ ಟ್ಯಾಕ್ಸಿ ಹಿಡಿಯಿರಿ, ಪೆಟ್ಟಿಗೆ ಇರುತ್ತದೆ, ಒಂಬತ್ತೂವರೆ ಗಂಟೆಯ ಕಾಲವ್ಯತ್ಯಾಸದಿಂದ ತಲೆ ಬೇರೆ ತಿರುಗುತ್ತಿರುತ್ತದೆ. ಮರುದಿನದಿಂದ ಬಸ್ಸು.

ಬಸ್ಸಿನಲ್ಲಿ ಮೂರು ಬಗೆ. ಸರ್ಕಾರದ್ದು ನೀಲಿ ದೊಡ್ಡ ಬಸ್ಸು. ಖಾಸಗಿಯದು ಹಳದಿ ಮಿನಿಬಸ್ಸು. ಮೂರನೆಯದು ಬಿಳಿ ವ್ಯಾನು, ನಂಬರ್ ಪ್ಲೇಟ್ ಝಡ್-ಆರ್ ಎಂದು ಶುರುವಾಗುವುದರಿಂದ ಜನ ಅದನ್ನು ಹಾಗೆಯೇ ಕರೆಯುತ್ತಾರೆ. ನಾನು ಹೋದಾಗ ಯಾವುದೇ ಹತ್ತಿದರೂ, ಎಷ್ಟೇ ದೂರ ಹೋದರೂ 3.50 ಬಾರ್ಬಡೋಸ್ ಡಾಲರು. ದೊಡ್ಡ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ, ಸರಿಯಾಗಿ ಎಣಿಸಿಟ್ಟುಕೊಂಡಿರಬೇಕು, ವ್ಯಾನಿನಲ್ಲಿ ಕೊಡುತ್ತಾರೆ. ಆ ವ್ಯಾನುಗಳಿಗೆ ನಮ್ಮ ಮಂಗಳೂರಿನ ಸಿಟಿ ಬಸ್ಸುಗಳ ಅವಸರ, ಮಲೆನಾಡಿನ ಮ್ಯಾಕ್ಸಿಕ್ಯಾಬುಗಳ ಜನ, ಗಣೇಶೋತ್ಸವದ ಸ್ಪೀಕರು. ಹನ್ನೊಂದನೇ ನಂಬರಿನದು ಬ್ರಿಜ್‌ಟೌನ್‌ನಿಂದ ದಕ್ಷಿಣ ದಡದ ಉದ್ದಕ್ಕೂ ಸಿಲ್ವರ್ ಸ್ಯಾಂಡ್ಸ್‌ವರೆಗೆ ಹೋಗುತ್ತದೆ. ನಮ್ಮ ವಾರದ ಮುಕ್ಕಾಲು ಪಾಲು ಅದರಲ್ಲೇ ಕಳೆಯಿತು.

ನಿಲ್ದಾಣದ ಕಂಬಗಳ ಮೇಲೆ ಎರಡೇ ಬಗೆಯ ಬರಹ: "ಟು ಸಿಟಿ" ಎಂದಿದ್ದರೆ ಬ್ರಿಜ್‌ಟೌನ್ ಕಡೆಗೆ, "ಔಟ್ ಆಫ್ ಸಿಟಿ" ಎಂದಿದ್ದರೆ ಅಲ್ಲಿಂದ ಹೊರಕ್ಕೆ. ವಾಹನಗಳು ನಮ್ಮ ಹಾಗೆ ಎಡಕ್ಕೇ ಓಡುತ್ತವೆ. ಕೈ ಚಾಚಿದರೆ ನಿಲ್ಲಿಸುತ್ತಾರೆ.

ಹತ್ತಿದ ಕೂಡಲೇ "ಗುಡ್ ಮಾರ್ನಿಂಗ್" ಅನ್ನಿ. ಇದು ಉಪಚಾರದ ಮಾತು ಎಂದು ಬಿಡಬೇಡಿ. ಬೇಜನ್ನರು (ಅಲ್ಲಿಯವರು ತಮ್ಮನ್ನು ಕರೆದುಕೊಳ್ಳುವುದು ಹೀಗೆ) ಬಸ್ಸು, ಅಂಗಡಿ, ಆಸ್ಪತ್ರೆ ಎಲ್ಲೇ ಹೊಕ್ಕರೂ ಅಲ್ಲಿರುವವರಿಗೆಲ್ಲ ಒಟ್ಟಾಗಿ ವಂದಿಸುತ್ತಾರೆ. ವಂದಿಸದೆ ನೇರ ದರ ಕೇಳಿದರೆ ಎದುರಿನವರ ಮುಖ ಗಂಟಾಗುತ್ತದೆ. ಮೊದಲ ದಿನ ನಮಗೆ ಆ ಜನ ಒರಟರು ಅನ್ನಿಸಿದ್ದರು. ಒರಟಾಗಿದ್ದವರು ನಾವು. ಹಾಗೆಯೇ ಈಜುಡುಗೆಯಲ್ಲಿ ಅಂಗಡಿಬೀದಿಗೆ ಹೋಗಬೇಡಿ. ಭಾನುವಾರ ಅಚ್ಚುಕಟ್ಟಾಗಿ ಚರ್ಚಿಗೆ ಹೋಗುವ ಜನ ಅವರು.

ಒಂದೇ ಒಂದು ದಿನಕ್ಕೆ ಕಾರು ಬಾಡಿಗೆಗೆ ತೆಗೆದುಕೊಳ್ಳಬಹುದು, ಪೂರ್ವ ಮತ್ತು ಉತ್ತರದ ಹಳ್ಳಿಗಾಡಿಗೆ. ನಿಮ್ಮ ಲೈಸೆನ್ಸ್ ತೋರಿಸಿದರೆ ಬಾಡಿಗೆ ಕೊಡುವವರೇ ಸಂದರ್ಶಕರ ಪರವಾನಗಿ ಮಾಡಿಸಿಕೊಡುತ್ತಾರೆ. ಕಬ್ಬಿನ ಗದ್ದೆಗಳ ನಡುವಿನ ರಸ್ತೆ ಮಂಡ್ಯದ ಒಳದಾರಿಗಳಷ್ಟೇ ಕಿರಿದು, ಕಬ್ಬು ಆಳೆತ್ತರ ಬೆಳೆದಿದ್ದರೆ ತಿರುವಿನಲ್ಲಿ ಎದುರು ಬರುವುದು ಕಾಣದು. ಹಾರ್ನ್ ಮಾಡಿ. ದಾರಿಗೆ ಅಡ್ಡ ಹಾಯುವ ಮುಂಗುಸಿ ಕಂಡರೆ ಪರಿಚಯದವರೇ ಎಂದುಕೊಳ್ಳಿ: ಕಬ್ಬಿನ ಇಲಿ ಹಿಡಿಯಲೆಂದು 19ನೇ ಶತಮಾನದಲ್ಲಿ ಭಾರತದಿಂದ ಕೆರಿಬಿಯನ್ನಿಗೆ ತಂದವುಗಳ ಸಂತತಿ ಅದು.

ಹೆಜ್ಜೆ 7: ಹೊಟ್ಟೆ

ಬಾರ್ಬಡೋಸ್‌ನ ರಾಷ್ಟ್ರೀಯ ಊಟ ಕೂಕೂ ಮತ್ತು ಹಾರುವ ಮೀನು. ಕೂಕೂ ಮಾಡುವುದನ್ನು ನಿಂತು ನೋಡಿದರೆ ಹಳೇ ಮೈಸೂರಿನವರ ಕಣ್ಣು ಅರಳುತ್ತದೆ. ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕುತ್ತಾ, ಗಂಟು ಕಟ್ಟದ ಹಾಗೆ ಮರದ ಚಪ್ಪಟೆ ಕೋಲಿನಿಂದ ತಿರುವುತ್ತಾರೆ. ಆ ಕೋಲಿಗೆ ಕೂಕೂ ಕೋಲು ಎಂದೇ ಹೆಸರು. ನಮ್ಮ ಮುದ್ದೆ ಕೋಲಿನ ದಾಯಾದಿ! ಬಟ್ಟಲಿಗೆ ಬೆಣ್ಣೆ ಸವರಿ, ಅದರಲ್ಲಿ ಕೂಕೂ ಉರುಳಿಸಿ, ತಟ್ಟೆಗೆ ಬೋರಲು ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಡುತ್ತಾರೆ. ಬೆಂಡೆಯ ಲೋಳೆಯಿಂದ ಗಂಟಲಲ್ಲಿ ಜಾರುವ ರೀತಿಯೂ ಮುದ್ದೆಯದೇ. ಸಾರು ಮೀನಿನದು, ಮೀನು ತಿನ್ನುವವರು ಭಾಗ್ಯವಂತರು.

ಸಸ್ಯಾಹಾರಿಗಳು ಕಿವಿ ತೆರೆದುಕೊಂಡಿರಬೇಕಾದದ್ದು "ಅನ್ನ ಮತ್ತು ಕಾಳು" ಎಂಬ ಅಮಾಯಕ ತಟ್ಟೆಯ ಮುಂದೆ. ನೋಡಲು ತೊಗರಿಕಾಳಿನ ಬಾತಿನ ಹಾಗಿರುತ್ತದೆ. ಬಹಳ ಕಡೆ ಉಪ್ಪು ಹಾಕಿದ ಹಂದಿಬಾಲದ ತುಂಡು ಹಾಕಿ ಬೇಯಿಸಿರುತ್ತಾರೆ, ಬಡಿಸುವಾಗ ತುಂಡು ತೆಗೆದಿಟ್ಟರೂ ರಸ ಅದರಲ್ಲೇ. "ವೆಜಿಟೇರಿಯನ್" ಎಂದರೆ ಸಾಲದು, "ಪಿಗ್‌ಟೇಲ್ ಹಾಕಿದ್ದೀರಾ?" ಎಂದೇ ಕೇಳಬೇಕು. ನಂಬಿ ತಿನ್ನಬಹುದಾದವು: ಮ್ಯಾಕರೋನಿ ಪೈ (ಚೀಸಿನ ಜತೆ ಮೊಟ್ಟೆಯೂ ಇರಬಹುದು), ಕರಿದ ಬಾಳೆ, ಆಲೂಗಡ್ಡೆ ಕಡಲೆಕಾಳಿನ ರೋಟಿ. ರೋಟಿ ಟ್ರಿನಿಡಾಡ್‌ನ ಭಾರತೀಯರ ಕೊಡುಗೆ. ಚೆಫೆಟ್ ಎಂಬ ಅಲ್ಲಿಯದೇ ಫಾಸ್ಟ್‌ಫುಡ್ ಸರಣಿಯಲ್ಲಿಯೂ ರೋಟಿ ಸಿಗುತ್ತದೆ. ರಾಸ್ತಫಾರಿ ಪಂಥದವರ "ಐಟಲ್" ಎಂಬ ಫಲಕ ಕಂಡರೆ ಒಳಹೋಗಿ, ಅದು ಮಾಂಸವಿಲ್ಲದ ಅಡುಗೆ.

ಆದರೆ ನಿಜವಾದ ಹಬ್ಬ ಇರುವುದು ಬ್ರಿಜ್‌ಟೌನ್‌ನ ಚೀಪ್‌ಸೈಡ್ ಮಾರುಕಟ್ಟೆಯಲ್ಲಿ, ಶನಿವಾರ ಬೆಳಿಗ್ಗೆ. ಬೆಂಡೆ, ಕುಂಬಳ, ಗೆಣಸು, ಮರಗೆಣಸು, ಸೀಮೆಬದನೆ. ಎಡ್ಡೋ ಎಂದು ಮಾರುವುದು ಕೆಸುವಿನ ಗೆಡ್ಡೆಯ ಜಾತಿ. ಬ್ರೆಡ್‌ಫ್ರೂಟ್ ಎಂದರೆ ಕರಾವಳಿಯವರ ಜೀಗುಜ್ಜೆ. ಅಲ್ಲಿ ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಒಬ್ಬ ಅಜ್ಜಿಯ ಮುಂದೆ ಬೊನವಿಸ್ಟ್ ಎಂಬ ಕಾಯಿ ಇತ್ತು. ಬಿಡಿಸಿ ನೋಡಿದರೆ ಅವರೆ! ನನ್ನ ಹೆಂಡತಿ ಅಲ್ಲೇ ಮೂಸಿ ನೋಡಿ, ಸೊಗಡು ಕಡಿಮೆ ಎಂದು ತೀರ್ಪು ಕೊಟ್ಟು, ಆದರೂ ಎರಡು ಪೌಂಡು ಕಟ್ಟಿಸಿಕೊಂಡಳು. ಪಕ್ಕದಲ್ಲಿ ಹಸಿ ತೊಗರಿಕಾಯಿ, ಹನುಮಫಲ, ನಮ್ಮ ಅಮಟೆಯ ಹತ್ತಿರದ ಬಂಧು ಗೋಲ್ಡನ್ ಆಪಲ್, ಸಕ್ಕರೆಯಲ್ಲಿ ಹೊರಳಿಸಿದ ಹುಣಸೆ ಉಂಡೆ. ಊರಿನಿಂದ ಸಾರಿನ ಪುಡಿ, ಸಾಸಿವೆ, ಇಂಗು ಒಯ್ದಿದ್ದೆವು. ಆ ರಾತ್ರಿ ವರ್ದಿಂಗಿನ ಬಾಡಿಗೆ ಅಡುಗೆಮನೆಯಲ್ಲಿ ಅವರೆಕಾಳು ಹುಳಿ ಆಯಿತು. ಅಡುಗೆಮನೆ ಇರುವ ಕೋಣೆ ಹಿಡಿಯಿರಿ ಎಂದದ್ದು ಇದಕ್ಕೇ.

ಮಾಬಿ ಎಂಬ ತೊಗಟೆಯ ಪಾನೀಯ ಕಷಾಯ ಕುಡಿದು ಬೆಳೆದವರಿಗೆ ಹಿಡಿಸುತ್ತದೆ, ಉಳಿದವರಿಗೆ ಕಹಿ. ಕ್ರಿಸ್‌ಮಸ್ ಕಾಲದಲ್ಲಿ ಹೋದರೆ ಸಾರೆಲ್ ಕುಡಿಯಿರಿ. ಉತ್ತರ ಕರ್ನಾಟಕದ ಪುಂಡಿಯ ಕುಲದ ಗಿಡ, ಅದರ ಹೂವಿನ ಬುಡದ ಕೆಂಪು ಹೊದಿಕೆಯಿಂದ ಮಾಡುವ ಶರಬತ್ತು. ನವೆಂಬರಿನಲ್ಲಾದರೆ ಕಾಂಕಿ: ಮೆಕ್ಕೆಜೋಳದ ಹಿಟ್ಟು, ಕಾಯಿತುರಿ, ಕುಂಬಳ, ದ್ರಾಕ್ಷಿ ಬೆರೆಸಿ ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಕಡುಬು ಎಂದರೆ ಯಾರೂ ಆಕ್ಷೇಪಿಸಲಾರರು.

ಹೆಜ್ಜೆ 8: ನೀರಿಗಿಳಿಯುವ ಮುನ್ನ

ಬಾರ್ಬಡೋಸ್‌ನಲ್ಲಿ ಕಡಲತೀರವೆಲ್ಲ ಸಾರ್ವಜನಿಕರದು. ಐಷಾರಾಮಿ ಹೋಟೆಲಿನ ಮುಂದಿನ ಮರಳೂ ನಿಮ್ಮದೇ, ಆರಾಮಕುರ್ಚಿ ಮಾತ್ರ ಅವರದು. ಈಜು ಅಷ್ಟಾಗಿ ಬಾರದವರಿಗೆ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿ ಹೇಳಿಮಾಡಿಸಿದ್ದು. ನೀರು ಶಾಂತ, ದಡದ ಸಮೀಪವೇ ಆಮೆಗಳು, ಮುಳುಗಿದ ಹಳೆಯ ಹಡಗುಗಳು. ಆಮೆ ಮುಟ್ಟಬೇಡಿ, ತಿಂಡಿ ಹಾಕಬೇಡಿ.

ಪೂರ್ವದ ಬಾತ್‌ಶೀಬಾ ದಡವನ್ನು ನೋಡಲೇಬೇಕು, ಅಲ್ಲಿ ಈಜಲೇಬಾರದು. ಆಫ್ರಿಕಾದಿಂದ ಇತ್ತ ಅಡ್ಡಿಯಿಲ್ಲದೆ ಬಂದ ಅಟ್ಲಾಂಟಿಕ್ ಅಲೆಗಳು ಅಲ್ಲಿ ಬಂಡೆಗಳಿಗೆ ಬಡಿಯುತ್ತವೆ, ಒಳಸೆಳೆತ ಜೋರು. ಅಲೆಸವಾರಿ ಬಲ್ಲವರು ಆಡುವ ಜಾಗ ಅದು. ನಮ್ಮ ಸೋಮೇಶ್ವರದ ಕಡಲನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಇನ್ನೊಂದು ಅಪಾಯ ನೆರಳಿನ ವೇಷದಲ್ಲಿರುತ್ತದೆ. ತೀರದ ಮರಗಳಲ್ಲಿ ಮ್ಯಾಂಚಿನೀಲ್ ಎಂಬುದೊಂದು, ಚಿಕ್ಕ ಹಸಿರು ಸೇಬಿನಂಥ ಕಾಯಿ. ಕಾಯಿ ಕಚ್ಚಿದರೆ ಬಾಯಿ ಗಂಟಲು ಸುಟ್ಟುಹೋಗುತ್ತದೆ. ಮರದಿಂದ ಒಸರುವ ಹಾಲು ತಾಗಿದರೂ ಚರ್ಮ ಬೊಬ್ಬೆ ಏಳುತ್ತದೆ. ಮಳೆಯಲ್ಲಿ ಅದರ ಕೆಳಗೆ ನಿಂತರೆ ಹನಿಯ ಜತೆ ಅದೇ ಹಾಲು ತೊಟ್ಟಿಕ್ಕುತ್ತದೆ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಬಿದ್ದ ಹಣ್ಣು ಆರಿಸುವ ಅಭ್ಯಾಸವಿರುವ ಮಕ್ಕಳಿಗೆ ಮೊದಲ ದಿನವೇ ತೋರಿಸಿಬಿಡಿ.

ಹೆಜ್ಜೆ 9: ದಿನಗಳನ್ನು ಹಂಚುವುದು

ಗುರುವಾರ ಇಳಿಯುವ ಹಾಗೆ ಟಿಕೆಟ್ ಮಾಡಿಸಿ. ಶುಕ್ರವಾರ ಹಗಲೆಲ್ಲ ನಿದ್ದೆ, ಸಂಜೆ ಆಯಿಸ್ಟಿನ್ಸ್. ಮೀನುಗಾರರ ಆ ಊರಿನಲ್ಲಿ ಶುಕ್ರವಾರ ರಾತ್ರಿ ಸಾಲುಸಾಲು ಒಲೆಗಳ ಮೇಲೆ ಮೀನು ಸುಡುತ್ತಾರೆ, ಒಂದು ಮೂಲೆಯಲ್ಲಿ ವಯಸ್ಸಾದ ದಂಪತಿಗಳು ಹಳೆಯ ಹಾಡಿಗೆ ಕೈಹಿಡಿದು ಕುಣಿಯುತ್ತಾರೆ. ಶನಿವಾರ ಚೀಪ್‌ಸೈಡ್ ಮಾರುಕಟ್ಟೆ, ಅಲ್ಲಿಂದ ಬ್ರಿಜ್‌ಟೌನ್ ಸುತ್ತಾಟ. ಹಳೆಯ ಪಟ್ಟಣ ಮತ್ತು ಅದರ ಗ್ಯಾರಿಸನ್ (ಬ್ರಿಟಿಷರ ಸೇನಾನೆಲೆ) 2011ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಸ್ವಾನ್ ಬೀದಿಯ ಬಟ್ಟೆ ಅಂಗಡಿಗಳಲ್ಲಿ ಗುಜರಾತಿ ಕಿವಿಗೆ ಬಿದ್ದರೆ ಬೆರಗಾಗಬೇಡಿ. ಟ್ರಿನಿಡಾಡ್‌ನಂತೆ ಇಲ್ಲಿಗೆ ಭಾರತದಿಂದ ಕಬ್ಬಿನ ಕೂಲಿಗಳು ಬರಲಿಲ್ಲ. ಬಂದವರು 20ನೇ ಶತಮಾನದಲ್ಲಿ, ಮನೆಮನೆಗೆ ಬಟ್ಟೆ ಹೊತ್ತು ಸಾಲಕ್ಕೆ ಮಾರಿದ ವ್ಯಾಪಾರಿಗಳು. ಭಾನುವಾರ ಪಟ್ಟಣ ಬಾಗಿಲು ಹಾಕಿರುತ್ತದೆ, ಅಂದು ಸಮುದ್ರ.

ಸೋಮವಾರ ಕೆನ್ಸಿಂಗ್ಟನ್ ಓವಲ್. ಹೊರಗೆ ಸರ್ ಗ್ಯಾರಿ ಸೋಬರ್ಸ್ ಪ್ರತಿಮೆ. ಬೌಲಿಂಗ್ ತುದಿಗಳಿಗೆ ಮಾಲ್ಕಂ ಮಾರ್ಷಲ್, ಜೋಯೆಲ್ ಗಾರ್ನರ್ ಹೆಸರು. ಭಾರತ 1997ರಲ್ಲಿ ಗೆಲ್ಲಲು 120 ಬೇಕಿದ್ದಾಗ 81ಕ್ಕೆ ಉದುರಿಹೋದದ್ದೂ ಇದೇ ಮೈದಾನದಲ್ಲಿ. ದ್ರಾವಿಡ್ ಆ ತಂಡದಲ್ಲಿದ್ದರು. 27 ವರ್ಷದ ಮೇಲೆ ಅಲ್ಲೇ ಕೂಗಿದ ಕೂಗಿಗೆ ಅರ್ಥ ಅಲ್ಲಿ ನಿಂತಾಗ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಕೇವ್ ಹಿಲ್ ಆವರಣದ ತ್ರೀ ಡಬ್ಲ್ಯೂಸ್ ಓವಲ್ ಪಕ್ಕದಲ್ಲಿ ಹಳೆಯ ಕ್ರಿಕೆಟ್ ಆಟಗಾರರಾದ ವೊರೆಲ್, ವಾಲ್ಕಾಟ್, ವೀಕ್ಸ್ ಮೂವರ ಸಮಾಧಿ. ಅಪ್ಪನ ಕಾಲದ ರೇಡಿಯೋ ಹೆಸರುಗಳು.

ಒಂದು ದಿನ ಕಾರಿನಲ್ಲಿ: ಹ್ಯಾರಿಸನ್ ಗುಹೆ, ಟ್ರಾಮಿನಲ್ಲಿ ಕೂರಿಸಿ ಸುಣ್ಣಕಲ್ಲಿನ ನಡುವೆ ಒಯ್ಯುತ್ತಾರೆ, ಮುಂಗಡ ಬುಕ್ ಮಾಡಿ, ಹಂಟ್ಸ್ ತೋಟ, ಬಾತ್‌ಶೀಬಾ. ಸೇಂಟ್ ನಿಕೊಲಸ್ ಅಬೆ 17ನೇ ಶತಮಾನದ ಕಬ್ಬಿನ ಒಡೆಯರ ಬಂಗಲೆ, ಸುಂದರವಾಗಿದೆ. ಅದನ್ನು ನೋಡುವವರು ನ್ಯೂಟನ್ ಸಮಾಧಿ ಭೂಮಿಯನ್ನೂ ನೋಡಿ. ಅಂಥ ತೋಟಗಳ ಸಕ್ಕರೆಗೆ ದುಡಿದ ಆಫ್ರಿಕನ್ ಗುಲಾಮರನ್ನು ಹೂತ ಬಯಲು ಅದು, ಕಲ್ಲಿಲ್ಲ, ಹೆಸರಿಲ್ಲ, ಬರೀ ಹುಲ್ಲು. ದಾರಿಯ ವೃತ್ತವೊಂದರಲ್ಲಿ ಸಂಕೋಲೆ ಹರಿದು ಕೈಯೆತ್ತಿದ ಪ್ರತಿಮೆ ಕಾಣುತ್ತದೆ. 1816ರ ಗುಲಾಮರ ದಂಗೆಯ ನಾಯಕನ ನೆನಪಿಗೆ ಜನ ಅದನ್ನು ಬುಸ್ಸಾ ಎಂದು ಕರೆಯುತ್ತಾರೆ. ದ್ವೀಪದ ರಾಷ್ಟ್ರೀಯ ಹೂ ದಾರಿಯುದ್ದಕ್ಕೂ ಬೇಲಿಯಲ್ಲಿ ಅರಳಿರುತ್ತದೆ. ಪ್ರೈಡ್ ಆಫ್ ಬಾರ್ಬಡೋಸ್ ಎಂದು ದೊಡ್ಡ ಹೆಸರು, ನಮ್ಮ ಹಿತ್ತಲಿನ ರತ್ನಗಂಧಿ.

ಹೆಜ್ಜೆ 10: ಹೊರಡುವ ದಿನ

ಕೊಂಡ ಮೆಣಸಿನ ಸಾಸ್ ಬಾಟಲಿ ಕೈಚೀಲದಲ್ಲಿ ಬೇಡ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಸದ ಬುಟ್ಟಿ ಸೇರಬಹುದು. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ. ಉಳಿದ ಬಾರ್ಬಡೋಸ್ ನೋಟುಗಳನ್ನು ವಿಮಾನ ನಿಲ್ದಾಣದಲ್ಲೇ ಬದಲಿಸಿಬಿಡಿ. ದ್ವೀಪ ದಾಟಿದ ಮೇಲೆ ಅದನ್ನು ಕೊಳ್ಳುವವರು ಸಿಗುವುದಿಲ್ಲ. ನಾಣ್ಯಗಳನ್ನು ಅಲ್ಲಿಯೂ ಬದಲಿಸಿಕೊಡಲಿಲ್ಲ. ಏಳು ಮೂಲೆಯ ಒಂದು ಡಾಲರ್ ನಾಣ್ಯ, ಮೇಲೆ ಹಾರುವ ಮೀನು. ಅಂಥವು ಆರು ಉಳಿದಿದ್ದವು. ಮೂರನ್ನು ಮಗಳು ತೆಗೆದುಕೊಂಡಳು, ಒಂದು ಎಲ್ಲಿ ಹೋಯಿತೋ ಗೊತ್ತಿಲ್ಲ, ಇನ್ನೆರಡು ಸಾರಿನ ಪುಡಿ ಒಯ್ದಿದ್ದ ಡಬ್ಬಿಯಲ್ಲೇ ಇವೆ.